ಹಳೆ ಸಿಪಿಯುಗೆ ದೊಡ್ಡ ಡಿಸ್ಕ್: ಒಳಗೋ, ಹೊರಗೋ?

ಬದಿಯಡ್ಕದ ನಮ್ಮ ಮನೆಯ ಕಂಪ್ಯೂಟರ್ 2010ರದ್ದು. ವಿಂಡೋಸ್ 7, 320 ಜಿಬಿ ಡಿಸ್ಕ್. ಅದರ ತುಂಬ ಯಕ್ಷಗಾನದ ವಿಡಿಯೋ. ನನ್ನ ಕ್ಯಾಮೆರಾ ಗಂಟೆಗೆ ಏಳೆಂಟು ಜಿಬಿ ತಿನ್ನುತ್ತದೆ. ಬೆಳಗಿನವರೆಗಿನ ಆಟ ಅಂದರೆ ಅರುವತ್ತು ಜಿಬಿ. ಐದು ಆಟಕ್ಕೆ ಜಾಗ ಖಾಲಿ!

ಮೊದಲು ನೋಡಿದ್ದು ಸುಲಭದ ದಾರಿ, 2 ಟಿಬಿಯ ಪೋರ್ಟಬಲ್ ಡಿಸ್ಕ್. ಸಿಪಿಯು ಮುಂದಿನ ಯುಎಸ್‌ಬಿಗೆ ಚುಚ್ಚಿದರೆ ಟಿಕ್ ಟಿಕ್ ಸದ್ದು, ಅಷ್ಟೇ. ಕರೆಂಟು ಸಾಕಾಗುತ್ತಿರಲಿಲ್ಲ. ಹಿಂದಿನ ಪೋರ್ಟಿಗೆ ಹಾಕಿದ ಮೇಲೆ ಸರಿಯಾಯಿತು. ಆದರೆ ಅದು ಯುಎಸ್‌ಬಿ 2. ಸೆಕೆಂಡಿಗೆ 30 ಎಂಬಿ ಆಸುಪಾಸು. ಒಂದು ಆಟ ಕಾಪಿ ಆಗಲು ಅರ್ಧ ಗಂಟೆಗಿಂತ ಜಾಸ್ತಿ.

ಆಮೇಲೆ ಒಂದು ಯುಎಸ್‌ಬಿ 3 ಕಾರ್ಡ್ ತಂದು ಮದರ್‌ಬೋರ್ಡಿನ ಸಣ್ಣ ಸ್ಲಾಟಿಗೆ ಕೂರಿಸಿದೆ. ವಿಂಡೋಸ್ 7 ಆದ್ದರಿಂದ ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಬೇರೆ ಹಾಕಬೇಕು. ಅದೇ ಆಟ ಹದಿನೈದು ನಿಮಿಷಕ್ಕೆ ಇಳಿಯಿತು. ಇನ್ನೂ ಬೇಗ ಆಗಬೇಕಿತ್ತಲ್ವಾ? ಆಗುವುದಿಲ್ಲ. ಆ ಕಡೆಯಿಂದ ಓದಿ ಕೊಡಬೇಕಾದ ಹಳೆ ಡಿಸ್ಕಿಗೇ ವಯಸ್ಸಾಗಿದೆ.

ಮೂರನೆಯದು ಒಳಗಿನ 4 ಟಿಬಿ ಡಿಸ್ಕ್. ಕಷ್ಟ ಇದ್ದದ್ದು ಇಲ್ಲೇ. ಬೋರ್ಡಿನಲ್ಲಿ ಒಳಗಿನ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಖಾಲಿ ಇತ್ತು, ಆದರೆ ಕರೆಂಟು ಹಂಚುವ ಡಬ್ಬ ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ವಯರ್ ಉಳಿದಿರಲಿಲ್ಲ. ಡಿವಿಡಿ ಡ್ರೈವಿನದ್ದನ್ನು ಕಿತ್ತು ಇದಕ್ಕೆ ಕೊಟ್ಟೆ. ಈಗ ಡಿವಿಡಿ ಯಾರು ಹಾಕುತ್ತಾರೆ? ಡಿಸ್ಕ್ ಕಾಣಿಸಿತು, ಫಾರ್ಮ್ಯಾಟ್ ಮಾಡಿ ಐದು ಆಟ ತುಂಬಿಸಿಯೂ ಆಯಿತು. ಪಕ್ಕದಲ್ಲಿ ಕೂತಿದ್ದ ಬಾವ ಕೇಳಿದ, "ಅರ್ಧ ಡಿಸ್ಕ್ ಎಲ್ಲಿ ಹೋಯ್ತು ಬಾವ?"

ನೋಡಿದರೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ 2048 ಜಿಬಿ ಮಾತ್ರ ಬಳಕೆಗೆ ಸಿಕ್ಕಿದೆ. ಉಳಿದ 1678 ಜಿಬಿ ಕಪ್ಪು ಪಟ್ಟಿಯಡಿ ಸುಮ್ನೆ ಬಿದ್ದಿದೆ. ಡಿಸ್ಕಿನ ತಪ್ಪಲ್ಲ, ನನ್ನದು. ಡಿಸ್ಕಿನ ಜಾಗದ ಲೆಕ್ಕ ಯಾವ ಪದ್ಧತಿಯಲ್ಲಿ ಇಡಬೇಕು ಎಂದು ವಿಂಡೋಸ್ ಮೊದಲ ಸಲ ಕೇಳಿದಾಗ ಎಂಬಿಆರ್ ಅಂತ ಒತ್ತಿದ್ದೆ. ಆ ಹಳೆ ಪದ್ಧತಿ 512 ಬೈಟಿನ ಸೆಕ್ಟರುಗಳನ್ನು 32 ಬಿಟ್ಟಿನಲ್ಲಿ ಎಣಿಸುತ್ತದೆ, ಅದರ ಲೆಕ್ಕ 2 ಟಿಬಿಗೇ ಮುಗಿಯುತ್ತದೆ. ಹೊಸ ಪದ್ಧತಿಯಾದ ಜಿಪಿಟಿ ಆರಿಸಬೇಕಿತ್ತು. ಬದಲಿಸಬೇಕಾದರೆ ಪಾರ್ಟಿಶನ್ ಅಳಿಸಬೇಕು, ತುಂಬಿಸಿದ್ದೆಲ್ಲ ಹೋಯಿತು. ಪುಣ್ಯಕ್ಕೆ ಪೋರ್ಟಬಲ್‌ನಲ್ಲಿ ಪ್ರತಿ ಇತ್ತು. ವಿಂಡೋಸ್ ಹಳೆ ಡಿಸ್ಕಿನಿಂದಲೇ ಶುರುವಾಗುವುದರಿಂದ ಕಂಪ್ಯೂಟರನ್ನು ಶುರುಮಾಡುವ ಬೋರ್ಡಿನ ಹಳೆ ತಂತ್ರಾಂಶ ಬಯೋಸ್ ತಕರಾರು ಮಾಡಲಿಲ್ಲ. ನಿಮ್ಮದು 32 ಬಿಟ್ ಎಕ್ಸ್‌ಪಿ ಆದರೆ ಜಿಪಿಟಿ ಡಿಸ್ಕ್ ಓದುವುದಿಲ್ಲ, ಇದಕ್ಕೆ ಕೈ ಹಾಕಬೇಡಿ.

ದಿನಾ ಎಡಿಟ್ ಮಾಡುವವರಿಗೆ ನನ್ನ ಮತ ಒಳಗಿನ ಡಿಸ್ಕಿಗೇ. ವಯರ್ ಜಾರುವ ಭಯ ಇಲ್ಲ, ಜಾಗವೂ ಬೇಕಾದಷ್ಟು. ಬರೀ ಫೋಟೋ ಇಡುವವರು ಸಿಪಿಯುನೊಳಗೆ ಡಿಸ್ಕ್ ಕೂರಿಸುವ ಗೋಜಿಗೆ ಹೋಗಬೇಡಿ, ಕಾರ್ಡೂ ಪೋರ್ಟಬಲ್ಲೂ ಧಾರಾಳ ಸಾಕು.

ಆದರೆ ನಮ್ಮೂರಲ್ಲಿ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ಅಂತ ಒಂದುಂಟು. ಮಧ್ಯಾಹ್ನ ಮೋಡ ಕಟ್ಟಿದರೆ ಪ್ಲಗ್ ಕೀಳಲು ಓಡಬೇಕು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಒಳಗಿನ ಡಿಸ್ಕ್ ದೇವರಿಗೇ ಬಿಟ್ಟದ್ದು. ಅದಕ್ಕೇ ಪೋರ್ಟಬಲ್ ಮಾರಲಿಲ್ಲ, ಎರಡನೇ ಪ್ರತಿ ಹೊತ್ತು ಕಪಾಟಿನಲ್ಲಿದೆ. ಮಗನ ಉಪನಯನದ ವಿಡಿಯೋ ತುಂಬಿಸಲು ಬಾವ ಅದನ್ನು ಎರಡು ಸಲ ಕೇಳಿದ್ದಾನೆ. ಕೊಟ್ಟಿಲ್ಲ.