ಬೇಯೊವುಲ್ಫ್, ಚಾಸರ್ ಮತ್ತು ಸೋಮವಾರದ 9.29: ಒಂದು ಆನ್‌ಲೈನ್ ಕೋರ್ಸಿನ ಬಗ್ಗೆ, ಮುಗಿಸಿ ವರ್ಷವಾದ ಮೇಲೆ

ಕೋರ್ಸು ಮುಗಿದ ವಾರವೇ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಎರಡು ಅಂಕ ಕೊಡುತ್ತಿದ್ದೆ. ಆಗ ಸಿಟ್ಟು ಇನ್ನೂ ಹಸಿಯಾಗಿತ್ತು. ವರ್ಷ ಕಳೆದ ಮೇಲೆ ನಾಲ್ಕು ಕೊಡುತ್ತಿದ್ದೇನೆ. ಉಳಿದ ಒಂದು ಎಲ್ಲಿ ಹೋಯಿತೆಂದೂ ಹೇಳುತ್ತೇನೆ.

ನನ್ನ ಮನೆ ಕಲಬುರಗಿಯಲ್ಲಿ, ಕೆಲಸ ಸೇಡಂ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ. ಇಂಗ್ಲಿಷ್ ಕಲಿಸುತ್ತೇನೆ. ಹದಿನೈದು ವರ್ಷದ ಹಿಂದೆ ಎಂ.ಎ. ಮಾಡುವಾಗ ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರನನ್ನು ಗೈಡಿನಲ್ಲಿ ಓದಿದ್ದೆ, ಅಂದರೆ ಓದಿರಲಿಲ್ಲ. ಆ ಕೊರತೆ ಒಳಗೇ ಕುಟುಕುತ್ತಿತ್ತು. ಹೀಗಾಗಿ ಅಮೆರಿಕದ ಒಂದು ಕಾಲೇಜು ನಡೆಸುವ ಆರಂಭಕಾಲದ ಬ್ರಿಟಿಷ್ ಸಾಹಿತ್ಯದ ಕೋರ್ಸಿಗೆ ಸೇರಿದೆ. ಜನವರಿಯಿಂದ ಮೇವರೆಗೆ ಹದಿನಾರು ವಾರ. ಮೂರು ಪ್ರಬಂಧ, ವಾರಕ್ಕೊಂದು ಕಿರುಪರೀಕ್ಷೆ, ವಾರಕ್ಕೊಂದು ಲಿಖಿತ ಚರ್ಚೆ.

ಹಣದ ಮಾತು ಮೊದಲು ಮುಗಿಸಿಬಿಡುತ್ತೇನೆ. ಶುಲ್ಕಕ್ಕೆ ನನ್ನ ಒಂದೂವರೆ ತಿಂಗಳ ಸಂಬಳ ಹೋಯಿತು. ಡಾಲರಿನಲ್ಲಿ ಕಟ್ಟಿದ್ದಕ್ಕೆ ಬ್ಯಾಂಕು ತನ್ನ ಪಾಲನ್ನು ಬೇರೆ ಮುರಿದುಕೊಂಡಿತು. ಈ ಕೋರ್ಸಿನಿಂದ ನನಗೆ ಬಡ್ತಿ ಸಿಕ್ಕಿಲ್ಲ, ಸಿಗುವುದೂ ಇಲ್ಲ. ಪ್ರಮಾಣಪತ್ರವಷ್ಟೇ ಬೇಕಿದ್ದವರು ಕೇಂದ್ರ ಸರ್ಕಾರದ 'ಸ್ವಯಂ' ಎಂಬ ಆನ್‌ಲೈನ್ ಕಲಿಕಾ ವೇದಿಕೆಯನ್ನು ನೋಡಿ. ಅಲ್ಲಿ ಕೋರ್ಸಿಗೆ ಸೇರುವುದು ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ.

ಪುಸ್ತಕದಲ್ಲಿ ಸ್ವಲ್ಪ ಉಳಿಸಬಹುದು. ಕಾಲೇಜು ಹೇಳಿದ ಸಂಕಲನ ಇಟ್ಟಿಗೆಯಷ್ಟು ದಪ್ಪ, ಬೆಲೆಯೂ ಹಾಗೆಯೇ. ನಾನು ಕೊಳ್ಳಲಿಲ್ಲ. ಚಾಸರನ ಮೂಲಪಾಠ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಚರ್ಚೆಯಲ್ಲಿ ಎಲ್ಲರೂ ಪುಟದ ಬದಲು ಸಾಲಿನ ಸಂಖ್ಯೆ ಹೇಳುವುದರಿಂದ ಯಾವ ಪ್ರತಿಯಾದರೂ ನಡೆಯುತ್ತದೆ. ಎಡವಿದ್ದು ಹಳೆಯ ಇಂಗ್ಲಿಷಿನ ವೀರಕಾವ್ಯ ಬೇಯೊವುಲ್ಫ್‌ನಲ್ಲಿ. ನಾನು ಇಳಿಸಿಕೊಂಡದ್ದು ಹಳೆಯ ಗದ್ಯಾನುವಾದ. ಅದರಲ್ಲಿ ಸಾಲಿನ ಸಂಖ್ಯೆಯೇ ಇರಲಿಲ್ಲ. 3182 ಸಾಲಿನ ಕಾವ್ಯದಲ್ಲಿ 1400ನೆಯ ಸಾಲು ಎಲ್ಲಿದೆ ಎಂದು ಗದ್ಯದಲ್ಲಿ ಹುಡುಕುವುದು ತೊಗರಿ ರಾಶಿಯಲ್ಲಿ ಹರಳು ಹುಡುಕಿದಂತೆ. ಪದ್ಯಾನುವಾದವನ್ನೇ ಇಳಿಸಿಕೊಳ್ಳಿ.

ವಿಡಿಯೊ ಉಪನ್ಯಾಸಗಳು ಸಪ್ಪೆ. ಎಂದೋ ಚಿತ್ರೀಕರಿಸಿದವು. ಯಂತ್ರವೇ ಬರೆದ ಅಡಿಬರಹ ಮಧ್ಯಕಾಲದ ಇಂಗ್ಲಿಷ್ ಬಂದ ಕೂಡಲೇ ತಲೆಕೆಟ್ಟವರಂತೆ ಏನೇನೋ ಬರೆಯುತ್ತದೆ. ನಾನು ಅವನ್ನು ಸೇಡಂ ಬಸ್ಸಿನಲ್ಲಿ ಕೇಳುತ್ತಿದ್ದೆ. ಒಂದು ಬೆಳಿಗ್ಗೆ ಬೇಯೊವುಲ್ಫ್‌ನ ಹಸ್ತಪ್ರತಿಯ ಕಥೆ ಬಂತು: ಜಗತ್ತಿನಲ್ಲಿ ಉಳಿದಿರುವುದು ಒಂದೇ ಪ್ರತಿ, ಸುಮಾರು ಕ್ರಿ.ಶ. 1000ರ ಹೊತ್ತಿಗೆ ಬರೆದದ್ದು, 1731ರ ಬೆಂಕಿಯಲ್ಲಿ ಅಂಚು ಸುಟ್ಟುಕೊಂಡು ಪಾರಾದದ್ದು. ಬಸ್ಸು ಆಗ ಮಳಖೇಡದಲ್ಲಿ ಕಾಗಿಣಾ ಸೇತುವೆ ದಾಟುತ್ತಿತ್ತು. ಆ ಪ್ರತಿಗಿಂತ ನೂರೈವತ್ತು ವರ್ಷದಷ್ಟು ಮೊದಲೇ ಈ ಹೊಳೆಯ ದಂಡೆಯ ರಾಜಧಾನಿಯಲ್ಲಿ ಕವಿರಾಜಮಾರ್ಗ ಹುಟ್ಟಿತ್ತು. ದಿನವೂ ದಾಟುವ ಊರು. ಆವತ್ತು ಮಾತ್ರ ಕಿಟಕಿಯಿಂದ ಕತ್ತು ಹೊರಳಿಸಿ ಕೋಟೆಯ ಕಡೆ ನೋಡಿದೆ.

ಆ ವಾರದ ಚರ್ಚೆ ಹಳೆಯ ಇಂಗ್ಲಿಷ್ ಛಂದಸ್ಸಿನ ಬಗ್ಗೆ. ಅಲ್ಲಿ ಪ್ರತಿ ಸಾಲೂ ನಡುವೆ ಮುರಿಯುತ್ತದೆ. ಎರಡೂ ತುಂಡುಗಳಲ್ಲಿ ಒತ್ತು ಬೀಳುವ ಪದಗಳ ಮೊದಲ ಧ್ವನಿ ಹೊಂದಬೇಕು. ನಮ್ಮ ಶಾಲೆಯ ಕನ್ನಡ ಶಿಕ್ಷಕರನ್ನು ಕೇಳಿದೆ. "ನಮ್ಮ ಆದಿಪ್ರಾಸದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಹೊಂದಬೇಕು. ಅವರದು ಮೊದಲನೆಯದೇ? ಹಾಗಾದರೆ ಸುಲಭ ಬಿಡಿ ಮೇಡಂ" ಎಂದರು. ಅದನ್ನೇ ಸ್ವಲ್ಪ ವಿನಯ ಬೆರೆಸಿ ಚರ್ಚೆಗೆ ಬರೆದೆ. ಹಳೆಯ ಇಂಗ್ಲಿಷ್ ಪದ್ಯಗಳ ಸಂಗ್ರಹವಾದ ಎಕ್ಸೆಟರ್ ಹಸ್ತಪ್ರತಿಯ ಒಗಟುಗಳು ಬಂದಾಗ ಇನ್ನೂ ಧೈರ್ಯ ಬಂತು. ಅವುಗಳಲ್ಲಿ ಹಲವು ಮುಗಿಯುವುದು "ನನ್ನ ಹೆಸರೇನು, ಹೇಳು" ಎಂದು. ಮದುವೆಯಲ್ಲಿ ಹೊಸ ಹೆಂಡತಿ ಗಂಡನ ಹೆಸರನ್ನು ಬರಿದಾಗಿ ಹೇಳದೆ ಒಡಪಿನಲ್ಲಿ ಅಡಗಿಸಿ ಹೇಳುವುದನ್ನು ವಿವರಿಸಿದೆ. ಇಡೀ ಕೋರ್ಸಿನಲ್ಲಿ ಅತಿ ಹೆಚ್ಚು ಉತ್ತರ ಬಂದದ್ದು ಅದಕ್ಕೇ.

ಏಪ್ರಿಲ್‌ನಲ್ಲಿ ಚಾಸರ್. ಯಾತ್ರಿಕರು ದಾರಿಯಲ್ಲಿ ಒಬ್ಬೊಬ್ಬರಾಗಿ ಕಥೆ ಹೇಳುವ ಅವನ ಕಾವ್ಯ ಕ್ಯಾಂಟರ್ಬರಿ ಕಥೆಗಳು. ಅದರ ಪೀಠಿಕೆಯ ಮೊದಲ ಹದಿನೆಂಟು ಸಾಲುಗಳನ್ನು ಅಂದಿನ ಉಚ್ಚಾರಣೆಯಲ್ಲೇ ಓದಿ, ಧ್ವನಿಮುದ್ರಿಸಿ ಕಳಿಸಬೇಕಿತ್ತು. ಹದಿನೆಂಟೂ ಸೇರಿ ಒಂದೇ ವಾಕ್ಯ. ಏಪ್ರಿಲ್‌ನ ಸಿಹಿ ಮಳೆ ಮಾರ್ಚಿನ ಬರವನ್ನು ಬೇರಿನವರೆಗೆ ತಣಿಸಿತು ಎಂದು ಶುರುವಾಗುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲಿ, ಸದ್ದಾಗುತ್ತದೆಂದು ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತಾ ಈ ಮಳೆಯನ್ನು ಏಳು ಬಾರಿ ಓದಿದೆ.

ಆದರೆ ಅಂಕ ಬಂತು, ಏಕೆಂದು ಹೇಳಬೇಕು. ಇಂಗ್ಲಿಷಿನ ದೀರ್ಘ ಸ್ವರಗಳ ಉಚ್ಚಾರಣೆ ಬದಲಾಗುವ ಮೊದಲಿನ ಭಾಷೆ ಅದು. ಬರೆದ ಅಕ್ಷರಕ್ಕೆಲ್ಲ ಹೆಚ್ಚುಕಡಿಮೆ ಧ್ವನಿಯುಂಟು. ಇಂದು ನಾವು 'ನೈಟ್' ಎನ್ನುವ ವೀರ ಆಗ 'ಕ್ನಿಖ್ಟ್'. 'ಟೈಮ್' ಎಂಬುದು 'ತೀಮ'ದ ಹತ್ತಿರ. 'ನೇಮ್' ಎಂಬುದು 'ನಾಮ'! ಚಿಕ್ಕವಳಿದ್ದಾಗ ಬರೆದದ್ದನ್ನು ಬರೆದಂತೆ ಓದಿ ಶಿಕ್ಷಕರಿಂದ ಬೈಸಿಕೊಂಡಿದ್ದೇನೆ; ಈಗ ನಾನೂ ಅದಕ್ಕೇ ಮಕ್ಕಳನ್ನು ಬೈಯುತ್ತೇನೆ. ಅಮೆರಿಕದ ಸಹಪಾಠಿಗಳು ಒದ್ದಾಡಿದ ಕಡೆ ನಮ್ಮ ಹಳ್ಳಿ ಶಾಲೆಯ ಇಂಗ್ಲಿಷ್ ನನ್ನ ಕೈ ಹಿಡಿಯಿತು.

ಹಣ ಕೊಟ್ಟದ್ದು ನಿಜವಾಗಿ ಯಾವುದಕ್ಕೆ ಎಂದರೆ, ಅಧ್ಯಾಪಕಿ ತಿದ್ದಿದ ಪ್ರಬಂಧಗಳಿಗೆ. ಮೊದಲ ಪ್ರಬಂಧವನ್ನು ನಾನು ಕಲಿತ ರೀತಿಯಲ್ಲೇ ಬರೆದೆ: ಕಾವ್ಯದ ಮಹತ್ವ, ನಾಯಕನ ಗುಣಗಳು, ಉಪಸಂಹಾರ. ಬೇಯೊವುಲ್ಫ್ ಇಂಗ್ಲೆಂಡಿನ ಮಹಾವೀರ ಎಂದೂ ಸೇರಿಸಿದ್ದೆ. ಅದರ ಕೆಳಗೆ ಅವರು ಗೆರೆ ಎಳೆದು ಕೇಳಿದ್ದರು: ಅವನು ಯಾವ ಸಾಲಿನಲ್ಲಿ ಇಂಗ್ಲೆಂಡಿಗೆ ಕಾಲಿಡುತ್ತಾನೆ? ಹುಡುಕಿದೆ. ಎಲ್ಲೂ ಇಲ್ಲ. ಅವನು ಇಂದಿನ ದಕ್ಷಿಣ ಸ್ವೀಡನ್ನಿನ ಕಡೆಯವನು, ಗ್ರೆಂಡೆಲ್ ಎಂಬ ರಾಕ್ಷಸನನ್ನು ಕೊಲ್ಲಲು ಹೋದದ್ದು ಡೆನ್ಮಾರ್ಕಿಗೆ. ಹದಿನೈದು ವರ್ಷ ನಾನು ನಂಬಿದ್ದು ಗೈಡಿನವನ ಮಾತನ್ನು. ನಾಚಿಕೆಯಾಯಿತು ಎನ್ನುವುದು ಸಣ್ಣ ಮಾತು.

ಎರಡನೆಯ ಪ್ರಬಂಧಕ್ಕೆ ಒಂದೇ ಪದ ಹಿಡಿದುಕೊಂಡೆ. ಪೀಠಿಕೆಯಲ್ಲಿ ಚಾಸರ್ ಬಾತ್ ಊರಿನ ಹೆಂಗಸನ್ನು ಪರಿಚಯಿಸುತ್ತಾ, ಅವಳಿಗೆ ಕಿವಿ ಸ್ವಲ್ಪ ಮಂದ, ಪಾಪ ಎಂದು ಹೇಳಿ ಮುಂದೆ ಹೋಗುತ್ತಾನೆ. ಕಾರಣ ತಿಳಿಯುವುದು ಎಷ್ಟೋ ಸಾಲುಗಳ ನಂತರ, ಅವಳದೇ ಬಾಯಲ್ಲಿ. ಐದನೆಯ ಗಂಡ ದಿನವೂ ಕೆಟ್ಟ ಹೆಂಡತಿಯರ ಕಥೆಗಳ ಪುಸ್ತಕ ಹಿಡಿದು ಓದಿ ಹೇಳುತ್ತಾನೆ. ಸಹಿಸಿ ಸಾಕಾಗಿ ಅವಳು ಮೂರು ಹಾಳೆ ಹರಿಯುತ್ತಾಳೆ, ಅವನು ಹೊಡೆಯುತ್ತಾನೆ, ಕಿವಿ ಹೋಗುತ್ತದೆ. ಕಿವುಡಿಗೆ ಕಾರಣ ಒಂದು ಪುಸ್ತಕ! ಹೆಂಗಸರ ಬಗ್ಗೆ ಗಂಡಸರು ಬರೆದ ಪುಸ್ತಕ. ಇದನ್ನು ಯಾವ ಗೈಡೂ ನನಗೆ ಹೇಳಿರಲಿಲ್ಲ, ಅಧ್ಯಾಪಕಿಯೂ ಹೇಳಲಿಲ್ಲ. ಸಾಲು ತೋರಿಸು, ಸಾಲು ತೋರಿಸು ಎಂದು ಕಾಡಿ ನನ್ನಿಂದಲೇ ಹುಡುಕಿಸಿದರು.

ಗವೇನ್ ಎಂಬ ವೀರನ ಕಾವ್ಯ, ನೀತಿನಾಟಕ, ಮಾರ್ಲೋನ ಫಾಸ್ಟಸ್ ನಾಟಕ, ಇವೆಲ್ಲ ಕೊನೆಯ ವಾರಗಳಲ್ಲಿ ಬಸ್ಸು ತಪ್ಪಿದವರಂತೆ ಓಡಿದವು. ನೆನಪಿನಲ್ಲಿ ಉಳಿದದ್ದು ಕಡಿಮೆ.

ಈಗ ಕಳೆದ ಅಂಕದ ಲೆಕ್ಕ. ಪ್ರತಿ ವಾರದ ಗಡುವು ಅಲ್ಲಿನ ಭಾನುವಾರ ರಾತ್ರಿ 11.59. ನಮಗದು ಸೋಮವಾರ ಬೆಳಿಗ್ಗೆ 10.29. ಸೋಮವಾರ ಶಾಲೆ ತಲುಪಿ, ಪ್ರಾರ್ಥನೆ ಮುಗಿಸಿ, ಮೊಬೈಲಿನಲ್ಲೇ ಕಿರುಪರೀಕ್ಷೆ ಬರೆಯುವುದು ರೂಢಿಯಾಗಿತ್ತು. ಮಾರ್ಚಿನಲ್ಲಿ ಒಂದು ಸೋಮವಾರ ಹತ್ತು ಗಂಟೆಗೆ ತೆರೆದರೆ ಬಾಗಿಲು ಮುಚ್ಚಿತ್ತು. ಮಾರ್ಚಿನ ಎರಡನೆಯ ಭಾನುವಾರ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ನಮ್ಮ ಗಡುವು 9.29ಕ್ಕೆ ಜಾರಿತ್ತು. ಗಡಿಯಾರ ತಿರುಗಿಸುವ ಪದ್ಧತಿಯೇ ಇಲ್ಲದ ದೇಶದವಳಿಗೆ ಇದು ಹೊಳೆಯುವುದು ಹೇಗೆ? ಬರೆದು ಕೇಳಿಕೊಂಡೆ. ಪಠ್ಯಕ್ರಮದ ಪುಟದಲ್ಲಿ ನಿಯಮವಿದೆ ಎಂಬ ಉತ್ತರ ಬಂತು. ಪ್ರಬಂಧದಲ್ಲಿ ಅಷ್ಟು ತಾಳ್ಮೆ ತೋರಿದವರು ಇದರಲ್ಲಿ ಕಲ್ಲಾದರು. ಆ ಸೊನ್ನೆ ಕೊನೆಯ ಶ್ರೇಣಿಯನ್ನು ಒಂದು ಮೆಟ್ಟಿಲು ಇಳಿಸಿತು. ಸೇರುವವರು ಮಾರ್ಚ್ ಮತ್ತು ನವೆಂಬರನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅರ್ಧ ಅಂಕ ಇದಕ್ಕೆ ಹೋಯಿತು.

ಇನ್ನರ್ಧ, ಕೋರ್ಸು ಮುಗಿದ ಕೆಲವೇ ವಾರಗಳಲ್ಲಿ ಎಲ್ಲವನ್ನೂ ಮುಚ್ಚಿದ್ದಕ್ಕೆ. ಉಪನ್ಯಾಸ ಹೋದದ್ದಕ್ಕೆ ಬೇಸರವಿಲ್ಲ. ತಿದ್ದಿದ ಪ್ರಬಂಧಗಳೂ ಒಳಗೇ ಉಳಿದವು. ನಾನು ಇಳಿಸಿಕೊಂಡಿದ್ದದ್ದು ಎರಡನ್ನು ಮಾತ್ರ, ಒಳ್ಳೆಯ ಅಂಕ ಬಂದವನ್ನು. ಬೇಯೊವುಲ್ಫನನ್ನು ಇಂಗ್ಲೆಂಡಿಗೆ ಕಳಿಸಿದ ಮೊದಲನೆಯದು ಹೋಯಿತು. ಹತ್ತನೆಯ ತರಗತಿಯ ಮಕ್ಕಳಿಗೆ ತೋರಿಸಬೇಕು ಎಂದುಕೊಂಡಿದ್ದದ್ದು ಅದನ್ನೇ.