ಕಾವೇರಿ 2.0ರ ಇಸಿ: ಶೆಡ್ ಕೊಳ್ಳುವವರಿಗೆ ಇಷ್ಟೇ ಸಾಕೇ?
ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ಕೈಗಾರಿಕಾ ಶೆಡ್ ಕೊಳ್ಳುವವರಿಗೆ ರಾಜ್ಯ ನೋಂದಣಿ ಇಲಾಖೆಯ ತಾಣ ಕಾವೇರಿ 2.0ರ ಆನ್‌ಲೈನ್ ಇಸಿ, ಅಂದರೆ ಸ್ವತ್ತಿನ ಋಣಭಾರ ಪ್ರಮಾಣಪತ್ರ, ಒಳ್ಳೆಯ ಸೇವೆಯೇ. ಆದರೆ ಅರ್ಧ ಕೆಲಸ ಮಾತ್ರ. ನಮೂನೆ 15 ಬಂದರೆ ಆ ಅವಧಿಯಲ್ಲಿ ನೋಂದಣಿಯಾದ ವ್ಯವಹಾರಗಳಿವೆ, 16 ಬಂದರೆ ಏನೂ ಸಿಕ್ಕಿಲ್ಲ.

ಎಡವುವುದು ಇಲ್ಲೇ. ಸ್ವತ್ತಿನ ವಿವರ ಹಳೆಯ ಪತ್ರದಲ್ಲಿದ್ದಂತೆ ಕೊಡದಿದ್ದರೆ, ಅಡಮಾನವಿದ್ದರೂ 16 ಕೈಗೆ ಬರಬಹುದು. ಹಳೇ ಸರ್ವೆ ನಂಬರು, ಈಗಿನ ಪ್ಲಾಟ್ ನಂಬರು ಎರಡರಲ್ಲೂ ಹುಡುಕಿಸಿ. 2004ಕ್ಕಿಂತ ಹಿಂದಿನದಕ್ಕೆ ಸಾಮಾನ್ಯವಾಗಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲೇ ಗತಿ.

ಮೂಲಪತ್ರ ಇಟ್ಟು ತೆಗೆದ ಬ್ಯಾಂಕ್ ಸಾಲ ಇಸಿಯಲ್ಲಿ ಕಾಣದೇ ಇರಬಹುದು. ಶುಲ್ಕ ಕಟ್ಟಿ ಸೆರ್ಸಾಯ್ (ಬ್ಯಾಂಕುಗಳ ಅಡಮಾನ ದಾಖಲಾಗುವ ಕೇಂದ್ರ ನೋಂದಣಿ) ತಾಣದಲ್ಲಿ ನೋಡಿ. ಮಾರುವವರು ಪ್ರೈವೇಟ್ ಲಿಮಿಟೆಡ್ ಆದರೆ ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ತಾಣದ ಚಾರ್ಜ್ ಪಟ್ಟಿ, ಅಂದರೆ ಕಂಪನಿಯ ಆಸ್ತಿ ಮೇಲಿನ ಸಾಲದ ಹೊರೆಯ ಪಟ್ಟಿಯನ್ನೂ ನೋಡಿ. ಇನ್ನು ಸಾಲ ತೀರಿದ್ದರೂ ಋಣಮುಕ್ತಿ ಪತ್ರ ನೋಂದಣಿಯಾಗದಿದ್ದರೆ ಇಸಿಯಲ್ಲಿ ಅಡಮಾನ ಹಾಗೇ ಕೂತಿರುತ್ತದೆ. ಹೆಸ್ಕಾಂ ವಿದ್ಯುತ್ ಬಾಕಿ, ಪಾಲಿಕೆ ತೆರಿಗೆ? ಅವು ಇಸಿಯಲ್ಲಿ ಬರುವುದೇ ಇಲ್ಲ.