ಬಿಸಿ ಚಾಕೊಲೇಟ್‌ಗೆ ರಮ್ ಬೆರೆಸುವ ಮುನ್ನ: ಯಾವ ಕೋಕೋ, ಯಾವ ಬಾಟಲಿ

ಓದಲು ಪುರುಸೊತ್ತಿಲ್ಲದವರಿಗೆ ತೀರ್ಪು ಮೊದಲೇ ಇಲ್ಲಿದೆ. ಸಕ್ಕರೆ ಬೆರೆಸದ ಕೋಕೋ ಪುಡಿ ಒಂದು ಡಬ್ಬಿ, ಅಮುಲ್ ಡಾರ್ಕ್ 55% ಒಂದು ಬಾರ್, ನಂದಿನಿ ಶುಭಂ ಹಾಲು, ಓಲ್ಡ್ ಮಾಂಕ್ ಒಂದು ಕ್ವಾರ್ಟರ್. ಡಿಸೆಂಬರ್‌ನ ಬೆಂಗಳೂರಿಗೂ ಮಡಿಕೇರಿಯ ಹೋಮ್‌ಸ್ಟೇ ಜಗಲಿಗೂ ಇಷ್ಟು ಸಾಕು. ಬೈಲೀಸ್‌ ಎಂಬ ಕೆನೆ ಬೆರೆಸಿದ ಸಿಹಿ ಲಿಕರ್ ರುಚಿಯಾಗಿಯೇ ಇರುತ್ತದೆ, ಆದರೆ ಕೊಟ್ಟ ದುಡ್ಡಿಗೆ ಸಿಗುವ ಕಿಕ್ ಕಡಿಮೆ. ವೈನ್ ಬೇಡವೇ ಬೇಡ. ಇನ್ನು ಕಾರಣಗಳು.

ಈ ಪಾನೀಯ ಕೆಡುವುದು ಹೆಚ್ಚಾಗಿ ಬಾಟಲಿಯಿಂದಲ್ಲ, ಪುಡಿಯಿಂದ. ಸೂಪರ್ ಮಾರ್ಕೆಟ್‌ನಲ್ಲಿ ಕಣ್ಣಿಗೆ ಮೊದಲು ಬೀಳುವುದು ಡ್ರಿಂಕಿಂಗ್ ಚಾಕೊಲೇಟ್ ಡಬ್ಬಿಗಳು. ಹಿಂಭಾಗ ಓದಿ ನೋಡಿ, ಪದಾರ್ಥಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಕ್ಕರೆಯೇ ಮೊದಲು, ಕೋಕೋ ಆಮೇಲೆ. ಮಕ್ಕಳ ಸಂಜೆಯ ಹಾಲಿಗೆ ಅದು ಸರಿ. ಅದಕ್ಕೆ ರಮ್ ಸುರಿದರೆ ಸಿಹಿಯ ಮೇಲೆ ಸಿಹಿ ಕೂತು ರಮ್ಮಿನ ವಾಸನೆಯ ಪಾಯಸವಾಗುತ್ತದೆ. ಹುಳಿ ಇಲ್ಲ, ಕಹಿ ಇಲ್ಲ, ಅರ್ಧ ಲೋಟಕ್ಕೇ ಬಾಯಿ ಕಟ್ಟುತ್ತದೆ. ಮನೆಯಲ್ಲಿ ಆ ಡಬ್ಬಿಯೇ ಇದ್ದರೆ ಬೇರೆ ಸಕ್ಕರೆ ಹಾಕದೆ, ಲೋಟಕ್ಕೆ ಒಂದು ಚಮಚ ಕಹಿ ಕೋಕೋ, ಒಂದು ಚಿಟಿಕೆ ಉಪ್ಪು ಸೇರಿಸಿ ದಾರಿಗೆ ತರಬಹುದು.

ಕಹಿ ಕೋಕೋದಲ್ಲಿ ಎರಡು ಜಾತಿ. ಒಂದು ನ್ಯಾಚುರಲ್: ತಿಳಿ ಕಂದು ಬಣ್ಣ, ಹಣ್ಣಿನಂಥ ಹುಳಿ, ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) ಐದೂವರೆಯ ಆಸುಪಾಸು. ಇನ್ನೊಂದು ಡಚ್ ವಿಧಾನದ್ದು: ಕ್ಷಾರ ಹಾಕಿ ಹುಳಿ ತೆಗೆದದ್ದು, ಬಣ್ಣ ಕಡು, ಪಿಎಚ್ ಏಳರ ಹತ್ತಿರ. ಡಬ್ಬಿಯ ಮೇಲೆ ಡಚ್ ಎಂದು ಬರೆಯದಿದ್ದರೂ ಪಟ್ಟಿಯಲ್ಲಿ ಐಎನ್‌ಎಸ್ 500 ಅಥವಾ 501 (ಆ ಕ್ಷಾರಗಳ ಸಂಕೇತ ಸಂಖ್ಯೆ) ಕಂಡರೆ ಅದೇ. ಬಿಸಿ ಹಾಲು ಮತ್ತು ರಮ್ ಕೂಡುವ ಕಡೆ ನಮ್ಮ ಓಟು ಡಚ್‌ಗೆ. ಹಾಲಿನಲ್ಲಿ ಬೇಗ ಬೆರೆಯುತ್ತದೆ, ಹುಳಿ ಇಲ್ಲದ್ದರಿಂದ ಹಾಲು ಒಡೆಯುವ ಭಯವೂ ಕಡಿಮೆ. ಹರ್ಷೀಸ್‌ನ ಮಾಮೂಲಿ ಸಿಹಿರಹಿತ ಕೋಕೋ ನ್ಯಾಚುರಲ್ ಜಾತಿಯದು. ಅದರಲ್ಲೂ ಚೆನ್ನಾಗಿಯೇ ಆಗುತ್ತದೆ, ಹಾಲು ತಾಜಾ ಇರಬೇಕು ಅಷ್ಟೆ. ಊರಿನ ಸರಕೇ ಬೇಕೆನ್ನುವವರಿಗೆ ಕ್ಯಾಂಪ್ಕೊ ಇದೆ. ಕರಾವಳಿಯ ಅಡಿಕೆ ತೋಟಗಳ ನಡುವೆ ಬೆಳೆದ ಕೋಕೋ 1986ರಿಂದ ಪುತ್ತೂರಿನ ಅದರ ಕಾರ್ಖಾನೆಗೆ ಹೋಗುತ್ತಿದೆ. ಕೊಳ್ಳುವಾಗ ಕೋಕೋ ಪುಡಿಯನ್ನೇ ಕೇಳಿ, ಸಿಹಿ ಬೆರೆಸಿದ ಪುಡಿಯನ್ನಲ್ಲ.

ಪುಡಿಯೊಂದರಿಂದಲೇ ಮಾಡಿದ ಪಾನೀಯ ತೆಳು. ರಮ್ ಬಿದ್ದ ಮೇಲೆ ಇನ್ನೂ ತೆಳುವಾಗುತ್ತದೆ. ಮೈ ಬರಲು ಚಾಕೊಲೇಟ್ ಬಾರ್ ಬೇಕು, ಅದರ ಕೋಕೋ ಬಟರ್ ಬೇಕು. ಇಲ್ಲಿ ಒಂದು ಎಚ್ಚರಿಕೆ. ಬೇಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಡಾರ್ಕ್ ಕಾಂಪೌಂಡ್ ತರಬೇಡಿ. ಅದರಲ್ಲಿ ಕೋಕೋ ಬಟರ್ ಬದಲು ವನಸ್ಪತಿಯಂಥ ಗಟ್ಟಿ ಕೊಬ್ಬು ಇರುತ್ತದೆ. ಕೇಕಿನ ಮೇಲೆ ಹೊಳೆಯುವ ಆ ಗುಣವೇ ಇಲ್ಲಿ ಶತ್ರು: ಲೋಟ ತುಸು ಆರಿದೊಡನೆ ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತವೆ, ಅಂಗುಳಿಗೆ ಮೇಣ ಮೆತ್ತಿದಂತಾಗುತ್ತದೆ. ಅಮುಲ್ ಡಾರ್ಕ್ 55% ಈ ಕೆಲಸಕ್ಕೆ ಹದವಾದ ಬಾರ್. 150 ಗ್ರಾಂನ ಒಂದು ಬಾರ್ ಹತ್ತು-ಹನ್ನೆರಡು ಲೋಟಕ್ಕೆ ಬರುತ್ತದೆ. ಕೋಕೋ ಪ್ರಮಾಣ 75%ಕ್ಕಿಂತ ಮೇಲಿರುವ ಬಾರ್ ಹಾಕಿದರೆ ಸಕ್ಕರೆ ಹೆಚ್ಚಿಸಲೇಬೇಕು. ಇಲ್ಲದಿದ್ದರೆ ಆಲ್ಕೋಹಾಲ್‌ನ ಉರಿಯೂ ಕಹಿಯೂ ಒಟ್ಟಿಗೆ ಗಂಟಲು ಹಿಡಿಯುತ್ತವೆ.

ಈಗ ಎರಡು ಲೋಟದ ಅಳತೆ. ಸಣ್ಣ ದಪ್ಪ ತಳದ ಪಾತ್ರೆಗೆ ಮಟ್ಟಸವಾದ ಎರಡು ದೊಡ್ಡ ಚಮಚ ಕೋಕೋ (ಸುಮಾರು 13 ಗ್ರಾಂ), ನಾಲ್ಕು ಟೀ ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು ಹಾಕಿ ಒಣದರಲ್ಲೇ ಚೆನ್ನಾಗಿ ಕಲಸಿ. ಸಕ್ಕರೆ ಹರಳು ಕೋಕೋವನ್ನು ಬಿಡಿಬಿಡಿಯಾಗಿ ಇಡುತ್ತದೆ, ಗಂಟು ಕಟ್ಟದಿರುವುದು ಇದರಿಂದಲೇ. ಮೂರು ದೊಡ್ಡ ಚಮಚ ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಒಂದು ನಿಮಿಷ ತಿರುವಿ. ಮೊದಲು ಮಂಕಾದ ಕೆಸರಿನಂತಿರುವುದು ಹೊಳಪು ಬಂದು ಚಮಚದಿಂದ ದಾರದಂತೆ ಇಳಿಯಲು ಶುರುವಾಗುತ್ತದೆ. ಹಸಿ ಕೋಕೋ ವಾಸನೆ ಹೋಗುವುದೂ ಅಲ್ಲೇ. ಈ ಒಂದು ನಿಮಿಷವನ್ನು ಉಳಿಸಲು ಹೋಗಿ ತಣ್ಣನೆ ಹಾಲಿಗೆ ನೇರ ಪುಡಿ ಸುರಿದರೆ, ಮೇಲೆ ಒಣ ಪುಡಿಯ ಉಂಡೆಗಳು, ತಳದಲ್ಲಿ ಮರಳು. ಆಮೇಲೆ ಎಷ್ಟು ಕಡೆದರೂ ಪ್ರಯೋಜನವಿಲ್ಲ.

ನಂತರ 320 ಎಂಎಲ್ ಹಾಲು. ಶುಭಂನಲ್ಲಿ ಕೊಬ್ಬು 4.5%, ಇದಕ್ಕೆ ಸರಿಯಾದ ಹದ. 3% ಕೊಬ್ಬಿನ ಟೋನ್ಡ್ ಹಾಲೇ ಇದ್ದರೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ತಣ್ಣನೆ ಹಾಲಿನಲ್ಲಿ ಕದಡಿ ಸೇರಿಸಿ ಒಂದು ಕುದಿ ಬರಿಸಿ. ಇಟಲಿಯವರ ದಪ್ಪ ಚಾಕೊಲೇಟ್ ನಿಲ್ಲುವುದು ಇಂಥ ಹಿಟ್ಟಿನ ಬಲದಲ್ಲೇ. ಹಿಟ್ಟು ಹಾಕದಿದ್ದರೆ ಉಕ್ಕುವವರೆಗೆ ಕಾಯಿಸಬೇಡಿ. ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದಾಗ ಉರಿ ಆರಿಸಿ 30 ಗ್ರಾಂ ಚಾಕೊಲೇಟ್ ಚೂರು ಹಾಕಿ, ಒಂದು ನಿಮಿಷ ಹಾಗೇ ಬಿಟ್ಟು ಕಡೆಯಿರಿ. ಇದಕ್ಕೆ ನಮ್ಮ ಮನೆಗಳ ಮರದ ಕಡೆಗೋಲಿಗಿಂತ ಒಳ್ಳೆಯ ಸಲಕರಣೆ ಇಲ್ಲ. ಮೆಕ್ಸಿಕೋದಲ್ಲಿ ಚಾಕೊಲೇಟ್ ನೊರೆಸುವ ಮೊಲಿನಿಯೋ ಎಂಬ ಕೋಲನ್ನೂ ಅಂಗೈಗಳ ನಡುವೆ ಹೀಗೇ ಹೊಸೆಯುತ್ತಾರೆ. ಬ್ಯಾಟರಿ ಫ್ರಾದರ್ ಎರಡು ಲೋಟಕ್ಕೆ ಸಾಕು, ಎರಡು ಲೀಟರ್‌ಗೆ ಉಸಿರು ಬಿಡುತ್ತದೆ.

ಬಾಟಲಿ ತೆರೆಯುವುದು ಎಲ್ಲಕ್ಕಿಂತ ಕೊನೆಗೆ, ಅದೂ ಪಾತ್ರೆಗಲ್ಲ, ಲೋಟಕ್ಕೆ. ಲೋಟದ ತಳದಲ್ಲಿ 30 ಎಂಎಲ್ ರಮ್, ಮೇಲೆ 180 ಎಂಎಲ್ ಬಿಸಿ ಚಾಕೊಲೇಟ್, ಒಮ್ಮೆ ಕಲಕಿ. ಕುದಿಯುವಂಥ ಬಿಸಿ ಇದ್ದರೆ ಲೋಟ ಎತ್ತಿದೊಡನೆ ಆಲ್ಕೋಹಾಲ್ ಹಬೆ ಮೂಗಿಗೆ ಹೊಡೆದು ಚಾಕೊಲೇಟ್ ವಾಸನೆಯೇ ಸಿಗುವುದಿಲ್ಲ. 65-70 ಡಿಗ್ರಿಗೆ ಇಳಿದಿರಲಿ, ಅಂದರೆ ಸ್ಟೀಲ್ ಲೋಟವನ್ನು ಬರಿಗೈಯಲ್ಲಿ ಹಿಡಿಯಲಾಗದ, ಪಿಂಗಾಣಿ ಮಗ್ ಹಿಡಿಕೆಯಲ್ಲಿ ಹಿಡಿದು ಚೂರುಚೂರೇ ಹೀರಬಲ್ಲ ಬಿಸಿ. ಓಲ್ಡ್ ಮಾಂಕ್ 42.8%, ಈ ಲೆಕ್ಕದಲ್ಲಿ ಲೋಟದೊಳಗೆ ಸುಮಾರು 6% ಆಲ್ಕೋಹಾಲ್, ಸ್ಟ್ರಾಂಗ್ ಬಿಯರ್‌ನಷ್ಟು. 60 ಎಂಎಲ್ ಹಾಕಿದರೆ 10% ದಾಟಿ ವೈನಿನ ಪಕ್ಕ ನಿಲ್ಲುತ್ತದೆ, ಆದರೆ ಸಿಹಿ ಅದನ್ನು ಮುಚ್ಚಿಡುತ್ತದೆ. ಪಾರ್ಟಿಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಎರಡನೇ ಲೋಟ ಮುಗಿಯುವವರೆಗೆ ಯಾರಿಗೂ ಏನೂ ಅನ್ನಿಸಿರುವುದಿಲ್ಲ.

‘ಬಿಸಿಗೆ ಹಾಕಿದರೆ ಎಣ್ಣೆ ಹಾರಿಹೋಗುತ್ತೆ ಬಿಡಿ’ ಎನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಒಲೆಯಿಂದ ಇಳಿಸಿದ ಬಿಸಿ ದ್ರವಕ್ಕೆ ಬೆರೆಸಿದರೆ ಸುಮಾರು 85% ಉಳಿಯುತ್ತದೆ. ಅರ್ಧ ಗಂಟೆ ಕುದಿಸಿದರೂ ಮೂರನೇ ಒಂದು ಪಾಲು ಅಲ್ಲೇ ಇರುತ್ತದೆ. ಹಾಗಾಗಿ ಮಕ್ಕಳಿಗೂ ಗಾಡಿ ಓಡಿಸುವವರಿಗೂ ರಮ್ ತಾಗದ ಪಾತ್ರೆಯಿಂದಲೇ ಕೊಡಬೇಕು. ಲೋಟಕ್ಕೆ ಹಾಕುವ ಪದ್ಧತಿಯ ಮೊದಲ ಲಾಭ ಇದು. ಎರಡನೆಯದು, ಹಾಲು ಒಡೆಯದು. ಡೈರಿಯಲ್ಲಿ ಹಾಲಿನ ತಾಜಾತನ ನೋಡಲು ಸಮಪಾಲು 68% ಆಲ್ಕೋಹಾಲ್ ಬೆರೆಸುವ ಪರೀಕ್ಷೆಯೊಂದಿದೆ. ಹುಳಿ ತಿರುಗಲು ಶುರುವಾದ ಹಾಲು ಅಲ್ಲೇ ಮೊಸರುಗಟ್ಟುತ್ತದೆ. ನಿನ್ನೆಯ ಹಾಲಿಗೆ ಧಾರಾಳವಾಗಿ ರಮ್ ಸುರಿದು ಒಲೆಯ ಮೇಲೆ ಕೂರಿಸುವುದೆಂದರೆ ಅದೇ ಪರೀಕ್ಷೆಯನ್ನು ಅತಿಥಿಗಳ ಎದುರು ಮಾಡಿದಂತೆ. ಬೆಲ್ಲ ಹಾಕುವವರಿಗೆ ಇದು ಗೊತ್ತಿರುವ ವಿಷಯವೇ. ಉರಿ ಆರಿಸಿ, ಹಾಲು ತುಸು ಆರಿದ ಮೇಲೆ ಬೆಲ್ಲ, ಆಮೇಲೆ ರಮ್.

ಇನ್ನು ಬಾಟಲಿಗಳು. ಓಲ್ಡ್ ಮಾಂಕ್‌ನ ವೆನಿಲ್ಲಾ, ಸುಟ್ಟ ಸಕ್ಕರೆಯ ವಾಸನೆ ಕೋಕೋಗೆ ಹೇಳಿ ಮಾಡಿಸಿದ್ದು. ಕೋಲಾಕ್ಕಿಂತ ಇಲ್ಲೇ ಅದಕ್ಕೆ ಗೌರವ ಜಾಸ್ತಿ. 180 ಎಂಎಲ್ ಕ್ವಾರ್ಟರ್‌ಗೆ ಆರು ಲೋಟ. ಅಮೃತ್‌ನವರ ಟೂ ಇಂಡೀಸ್ ಬೆಂಗಳೂರಿನ ಕಂಪನಿಯದು, ಕೆರಿಬಿಯನ್ ರಮ್ ಜೊತೆ ಬೆಲ್ಲದ ರಮ್ ಬೆರೆಸಿದ್ದು. ಸಕ್ಕರೆ ಬದಲು ಬೆಲ್ಲ ಹಾಕುವುದಾದರೆ ಇದಕ್ಕೇ ಮೊದಲ ಸ್ಥಾನ. ಬಿಳಿ ರಮ್, ವೋಡ್ಕಾ ಹಾಕಿದರೆ ಉರಿ ಮಾತ್ರ ಬರುತ್ತದೆ, ರುಚಿ ಬರುವುದಿಲ್ಲ. ಬ್ರಾಂದಿ ಒಪ್ಪುತ್ತದೆ, ಜೊತೆಗೆ ಎರಡು ಏಲಕ್ಕಿಯಲ್ಲ, ಒಂದು ಸಣ್ಣ ಚೂರು ದಾಲ್ಚಿನ್ನಿ ಇರಲಿ. ಅಮೆರಿಕದ ಬರ್ಬನ್ ವಿಸ್ಕಿ ಚೆನ್ನಾಗಿ ಕೂಡುತ್ತದೆ. ಹೊಗೆ ವಾಸನೆಯ ಸಿಂಗಲ್ ಮಾಲ್ಟ್ ವಿಸ್ಕಿ ಸುರಿಯುವುದು ಎರಡಕ್ಕೂ ಮಾಡುವ ಅನ್ಯಾಯ.

ಬೈಲೀಸ್ 17% ಮಾತ್ರ. ರಮ್ಮಿನ 30 ಎಂಎಲ್‌ಗೆ ಸಮನಾಗಬೇಕಾದರೆ 75 ಎಂಎಲ್ ಬೇಕು, ಅಂದರೆ 750ರ ಬಾಟಲಿಗೆ ಹತ್ತೇ ಲೋಟ. ಅದರಲ್ಲಿ ಸಕ್ಕರೆಯೂ ಕೆನೆಯೂ ಇರುವುದರಿಂದ ಪಾತ್ರೆಗೆ ಹಾಕುವ ಸಕ್ಕರೆಯನ್ನು ಪೂರ್ತಿ ಬಿಟ್ಟುಬಿಡಿ. ಹೀಗೆ ಮಾಡಿದರೆ ಕುಡಿಯುವ ಅಭ್ಯಾಸ ಇಲ್ಲದವರಿಗೆ ಇದೇ ಹಿತ. 40%ನ ಕ್ವಾಂಟ್ರೋ ಅಥವಾ ಬೇರೆ ಕಿತ್ತಳೆ ಲಿಕರ್ ಆದರೆ 20 ಎಂಎಲ್ ಸಾಕು. ಸಿಪ್ಪೆಯ ಸುವಾಸನೆ ಇರುತ್ತದೆ, ಹಣ್ಣಿನ ಹುಳಿ ಇರುವುದಿಲ್ಲ, ಹಾಲು ಒಡೆಯದು. ಅದರ ಬದಲು ಕಿತ್ತಳೆ ರಸ ಹಿಂಡಿದರೆ ಕೆಟ್ಟಂತೆಯೇ. ಕೊಡಗಿನ ಮನೆ ವೈನ್ ಆಗಲಿ, ಬಾಟಲಿಯ ರೆಡ್ ವೈನ್ ಆಗಲಿ ಇದೇ ಕಾರಣಕ್ಕೆ ಬೇಡ. ಹಟ ಹಿಡಿದರೆ ಹಾಲು ಬಿಟ್ಟು ನೀರಿನಲ್ಲೇ ಚಾಕೊಲೇಟ್ ಕರಗಿಸಬೇಕು. ಗೋಡಂಬಿ ಹಣ್ಣಿನ ಫೆನಿಯ ಘಾಟು ಕೋಕೋವನ್ನು ನುಂಗಿಬಿಡುತ್ತದೆ. ಗೋವಾದವರು ಒಪ್ಪಲಿಕ್ಕಿಲ್ಲ. ಫ್ರಾನ್ಸ್‌ನ ಆಲ್ಪ್ಸ್ ಬೆಟ್ಟಗಳಲ್ಲಿ ಸ್ಕೀ ಮಾಡಿ ಬಂದವರು ಗಿಡಮೂಲಿಕೆಗಳ 55%ನ ಹಸಿರು ಶಾರ್ಟ್ರೂಸ್ ಲಿಕರ್ ಹಾಕಿ ಕುಡಿಯುತ್ತಾರೆ. ಮೊದಲ ಗುಟುಕಿಗೆ ಕಷಾಯ ಅನ್ನಿಸಿದರೂ ಮೂರನೆಯದಕ್ಕೆ ಅರ್ಥವಾಗುವ ರುಚಿ. ಜರ್ಮನಿಯಲ್ಲಿರುವ ಕನ್ನಡಿಗರಿಗೆ ಡಿಸೆಂಬರ್ ಸಂತೆಗಳ ಲುಮುಂಬಾ ಹೊಸದಲ್ಲ. ಅದೂ ರಮ್ ಹಾಕಿದ ಬಿಸಿ ಚಾಕೊಲೇಟೇ, ಮೇಲೊಂದು ಗೋಪುರ ಕೆನೆ.

ಕೆನೆಯ ವಿಷಯಕ್ಕೆ ಬಂದರೆ, ಅಮುಲ್ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು 25% ಮಾತ್ರ. ಎಷ್ಟು ಕಡೆದರೂ ನಿಲ್ಲುವುದಿಲ್ಲ, ಅದು ಗ್ರೇವಿಗೆ. ಕನಿಷ್ಠ 30% ಇರುವ ವಿಪ್ಪಿಂಗ್ ಕ್ರೀಮ್ ತಂದು, ಬಟ್ಟಲನ್ನೂ ಫ್ರಿಜ್‌ನಲ್ಲಿಟ್ಟು ತಣ್ಣಗಾದ ಮೇಲೆ ಕಡೆಯಿರಿ. ಸಕ್ಕರೆ ಬೇಡ. ಹಾಲಿಲ್ಲದ ಕೇಕ್ ಟಾಪಿಂಗ್ ಬಿಸಿಗೆ ಕರಗಿ ಜಿಡ್ಡಾಗುತ್ತದೆ. ಮಾರ್ಷ್‌ಮ್ಯಾಲೋಗಳಲ್ಲಿ ಹೆಚ್ಚಿನವಕ್ಕೆ ಜೆಲಾಟಿನ್ ಹಾಕಿರುತ್ತಾರೆ, ಸಸ್ಯಾಹಾರಿಗಳು ಬಂದಿದ್ದರೆ ಹಸಿರು ಚುಕ್ಕಿ ನೋಡಿ ತನ್ನಿ.

ಹನ್ನೆರಡು ಜನರ ಪಾರ್ಟಿಗೆ ಹಾಲು ಎರಡು ಲೀಟರ್, ಕೋಕೋ 75 ಗ್ರಾಂ, ಸಕ್ಕರೆ 100 ಗ್ರಾಂ, 150 ಗ್ರಾಂನ ಒಂದು ಬಾರ್, ಪೇಸ್ಟಿಗೆ ಕಾಲು ಲೀಟರ್ ನೀರು, ಅರ್ಧ ಟೀ ಚಮಚ ಉಪ್ಪು, ರಮ್ ಎರಡು ಕ್ವಾರ್ಟರ್. ಮಾಡಿಟ್ಟದ್ದನ್ನು ಬಿಸಿಯಾಗಿಡಲು ಪಾತ್ರೆಯನ್ನು ನೇರ ಉರಿಯ ಮೇಲೆ ಇಡಬೇಡಿ, ತಳದಲ್ಲಿ ಕೂತ ಕೋಕೋ ಸೀದು ಇಡೀ ಪಾತ್ರೆಗೆ ವಾಸನೆ ಹಿಡಿಯುತ್ತದೆ. ದೊಡ್ಡ ಪಾತ್ರೆಯ ಬಿಸಿನೀರಿನಲ್ಲಿ ಕೂರಿಸಿ, ಕೆನೆಗಟ್ಟದಂತೆ ಮುಚ್ಚಿಡಿ, ಪ್ರತಿ ಸಲ ಬಡಿಸುವ ಮುನ್ನ ಸೌಟಿನಿಂದ ತಳ ಸೇರಿಸಿ ತಿರುವಿ. ಪಕ್ಕದಲ್ಲಿ 30 ಎಂಎಲ್ ಪೆಗ್ ಅಳತೆ ಇರಲೇಬೇಕು. ಕಣ್ಣಳತೆಯಲ್ಲಿ ಸುರಿಯುವವರ ಕೈಗೆ ಬಾಟಲಿ ಕೊಡಬೇಡಿ. ರಮ್ ಬೆರೆಸದೆ ಉಳಿದದ್ದು ಫ್ರಿಜ್‌ನಲ್ಲಿ ಎರಡು ದಿನ ಇರುತ್ತದೆ, ತಣ್ಣಗಾದಾಗ ಪುಡಿಂಗ್‌ನಂತೆ ದಪ್ಪಗಾಗಿರುತ್ತದೆ. ತುಸು ಹಾಲು ಸೇರಿಸಿ ಸಣ್ಣ ಉರಿಯಲ್ಲಿ ಕಡೆದರೆ ಮೊದಲ ದಿನಕ್ಕಿಂತ ರುಚಿ.